ಪೋಸ್ಟ್‌ಮಾರ್ಟಂನಿಂದ ಮರಣ ಪ್ರಮಾಣಪತ್ರದವರೆಗೆ: ಸರಕಾರಿ ಶವಾಗಾರದ ಬಗ್ಗೆ ನನ್ನ ಅನುಭವ (5ಕ್ಕೆ 5), ಕಚೇರಿಯ ಬಗ್ಗೆ (5ಕ್ಕೆ 2)

ಫೆಬ್ರವರಿಯಲ್ಲಿ ನಮ್ಮ ಭಾವ ಒಳ್ಳೆಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿದ್ದರು. ಸಂಜೆ ಐದೂವರೆಗೆ ಅವರು ಮರದ ಬುಡದಲ್ಲಿ ಬಿದ್ದಿದ್ದನ್ನು ಅಕ್ಕನೇ ಮೊದಲು ನೋಡಿದ್ದು. ಉಸಿರು ನಿಂತಿತ್ತು. ಏಣಿ ಮಾತ್ರ ಮರಕ್ಕೆ ಒರಗಿಕೊಂಡೇ ಇತ್ತು. ಊರಿನವರಿಗೆ ಅಷ್ಟು ಸಾಕಾಯಿತು. "ಸಾಲ ಇತ್ತಲ್ಲ, ಔಷಧಿ ಕುಡಿದಿರಬೇಕು" ಅಂದರು. ಅಕ್ಕನ ಕಿವಿಗೂ ಬಿತ್ತು.

ಪೊಲೀಸರು ಯುಡಿಆರ್ ದಾಖಲಿಸಿದರು, ಅಂದರೆ ಅಸಹಜ ಸಾವಿನ ಪ್ರಕರಣ. ಅಮೆರಿಕದ ಹಲವು ಕಡೆ ಮೆಡಿಕಲ್ ಎಕ್ಸಾಮಿನರ್ ಅಂತ ಡಾಕ್ಟರೇ ಇಂಥ ಸಾವಿನ ತನಿಖೆ ಮಾಡುತ್ತಾರೆ. ನಮ್ಮಲ್ಲಿ ಪಂಚರ ಮುಂದೆ ಮಹಜರು ಮಾಡುವುದು ಪೊಲೀಸರು, ದೇಹ ಪರೀಕ್ಷೆ ಮಾಡುವುದು ಡಾಕ್ಟರು. 2021ರಿಂದ ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಪೋಸ್ಟ್‌ಮಾರ್ಟಂ ಮಾಡಬಹುದು. ಆದರೆ ಅನುಮಾನ ಇರುವ ಸಾವಿಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಹಾಗಾಗಿ ಬೆಳಗಿನವರೆಗೆ ಕಾದೆವು.

"ಕೊಯ್ಯುವುದು ಬೇಡ, ಹಾಗೇ ಕೊಡಿ" ಅಂತ ನಾನೇ ಡಾಕ್ಟರ ಕೈ ಹಿಡಿದು ಕೇಳಿಕೊಂಡೆ. ಅವರು ಬೈಯಲಿಲ್ಲ. ನಮ್ಮನ್ನು ಕೂರಿಸಿ ಒಂದೊಂದಾಗಿ ಕೇಳಿದರು. ಬಿಪಿ, ಶುಗರ್ ಇತ್ತಾ? ಯಾವ ಮಾತ್ರೆ ತಗೋತಿದ್ದರು? ಮಧ್ಯಾಹ್ನ ಏನು ಊಟ, ಎಷ್ಟು ಹೊತ್ತಿಗೆ? ಅಕ್ಕ "ಅಕ್ಕಿ ರೊಟ್ಟಿ, ಹುರುಳಿ ಸಾರು, ಒಂದೂವರೆಗೆ" ಅಂದಳು. ಅದನ್ನೂ ಬರೆದುಕೊಂಡರು. ಯಾವಾಗ ಜೀವ ಹೋಯಿತು ಅಂತ ಅಂದಾಜು ಮಾಡಲು ಅದೂ ಬೇಕಂತೆ.

ಪರೀಕ್ಷೆ ಮುಗಿಸಿ ಅವರೇ ಹೊರಗೆ ಬಂದರು. ತಲೆಯ ಹಿಂಭಾಗದ ಮೂಳೆ ಬಿರುಕು ಬಿಟ್ಟಿದೆ, ಒಳಗೆ ರಕ್ತ ಹೆಪ್ಪುಗಟ್ಟಿದೆ, ಬಿದ್ದಾಗ ಜೀವ ಇತ್ತು ಅಂದರು. ಆಮೇಲೆ ತಮ್ಮ ಎರಡೂ ಅಂಗೈ ಚಾಚಿ ತೋರಿಸಿದರು. "ಇಲ್ಲೆಲ್ಲಾ ತರಚಿದೆ ಅಮ್ಮಾ. ಉಗುರಿನ ಸಂದಿಯಲ್ಲಿ ಮರದ ಪಾಚಿ ಇದೆ. ಜಾರುವಾಗ ಮರ ಹಿಡಿದುಕೊಳ್ಳಲು ನೋಡಿದ್ದಾರೆ." ಅಕ್ಕ ಆಗ ಮೊದಲ ಸಲ ಜೋರಾಗಿ ಅತ್ತಳು. ನಾನು ಈ ರಿವ್ಯೂ ಬರೆಯುತ್ತಿರುವುದೇ ಆ ಎರಡು ನಿಮಿಷಕ್ಕಾಗಿ.

ಆದರೂ ವಿಷದ ಅನುಮಾನ ಉಳಿಯಬಾರದು ಅಂತ ಹೊಟ್ಟೆ, ಲಿವರ್, ಕಿಡ್ನಿಯ ಭಾಗಗಳನ್ನು ಉಪ್ಪಿನ ನೀರಿನ ಬಾಟಲಿಗಳಲ್ಲಿ ಹಾಕಿ, ಅರಗಿನ ಮೊಹರು ಒತ್ತಿ ಪೊಲೀಸರ ಕೈಗೆ ಕೊಟ್ಟರು. ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರಲು ತಿಂಗಳುಗಳೇ ಹಿಡಿದವು. ವಿಷ ಇಲ್ಲ ಅಂತ ಬಂತು. ಶವಾಗಾರದ ಸಿಬ್ಬಂದಿ ನೀಟಾಗಿ ಹೊಲಿದು, ಮುಖ ಒರೆಸಿ, ತಲೆಗೆ ಬಟ್ಟೆ ಸುತ್ತಿ ಕೊಟ್ಟರು. ಒಂದು ರೂಪಾಯಿ ಕೇಳಲಿಲ್ಲ.

ಬೇಜಾರಾಗಿದ್ದು ಮರಣ ಪ್ರಮಾಣಪತ್ರ ಕೊಟ್ಟ ಕಚೇರಿಯಲ್ಲಿ. 21 ದಿನದೊಳಗೇ ಹೋಗಿದ್ದೆವು, ಶುಲ್ಕ ಇರಲಿಲ್ಲ. ಆದರೆ ಭಾವನ ತಂದೆಯ ಹೆಸರನ್ನು ತಪ್ಪಾಗಿ ಟೈಪ್ ಮಾಡಿದ್ದರು. ಪಹಣಿಗೂ ಅದಕ್ಕೂ ತಾಳೆಯಾಗಲಿಲ್ಲ. ತಿದ್ದಿಸಲು ನಾಲ್ಕು ಸಲ ಅಲೆದೆ. ದಯವಿಟ್ಟು ಕೌಂಟರ್ ಬಿಡುವ ಮೊದಲೇ ಒಂದೊಂದು ಅಕ್ಷರ ಓದಿ ನೋಡಿ, ಆಧಾರ್ ಪಕ್ಕದಲ್ಲಿಟ್ಟುಕೊಂಡು.

ಇನ್ನೊಂದು ವಿಷಯ. ಆ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯೇ ಅದನ್ನು ತೋರಿಸಬಾರದು ಅನ್ನುತ್ತದೆ. ನಾನು ಅದೂ ತಪ್ಪು ಅಂದುಕೊಂಡು ಸುಮ್ನೆ ಜಗಳ ಮಾಡಿದೆ. ಅಪಘಾತ ವಿಮೆಯವರು ಕೇಳಿದರೆ ಪೋಸ್ಟ್‌ಮಾರ್ಟಂ ವರದಿಯನ್ನೇ ಕೊಡಬೇಕು, ಅದಕ್ಕೆ ಪೊಲೀಸ್ ಠಾಣೆಯಲ್ಲಿ ಅರ್ಜಿ ಹಾಕಿ.

ಆ ವರದಿಯಲ್ಲಿ ಅಂಗೈ ಗಾಯದ ಸಾಲೂ ಇದೆ. ಸಂತೆಯಲ್ಲಿ ಯಾರಾದರೂ ಮೆಲ್ಲಗೆ ಕೇಳಿದರೆ ಈಗ ಅಕ್ಕನೇ ಹೇಳುತ್ತಾಳೆ: "ಜಾರಿ ಬಿದ್ದರು. ಡಾಕ್ಟರು ಬರೆದು ಕೊಟ್ಟಿದ್ದಾರೆ."