ಎಂಟು ಭಾನುವಾರದ ಕೋರ್ಸು, ಒಬ್ಬ ಹುಡುಗನ ಏಳು ತಿಂಗಳು: ಟೀಚರ್‌ಗಳೇ, ದುಡ್ಡು ಕಟ್ಟುವ ಮುಂಚೆ ಓದಿ

ಹೋದ ವಾರ ಟೀಚರ್‌ಗಳ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. 'ಎಂಟೇ ಭಾನುವಾರಗಳಲ್ಲಿ ಸೆನ್ಕೊ ಆಗಿ. ವಿದೇಶಿ ಮಾನ್ಯತೆಯ ಸರ್ಟಿಫಿಕೇಟ್. ಶಿವಮೊಗ್ಗದಲ್ಲೇ ಹೊಸ ಬ್ಯಾಚ್.' ಸೆನ್ಕೊ ಅಂದರೆ ಶಾಲೆಯಲ್ಲಿ ವಿಶೇಷ ಅಗತ್ಯ ಇರೋ ಮಕ್ಕಳ ಕೋಆರ್ಡಿನೇಟರ್. ಕೆಳಗೆ ಹಳೇ ಬ್ಯಾಚಿನ ಫೋಟೋ. ಹಿಂದಿನ ಸಾಲಿನಲ್ಲಿ ಹಸಿರು ಸೀರೆ ಉಟ್ಟು, ಸರ್ಟಿಫಿಕೇಟ್ ಎತ್ತಿ ಹಿಡಿದು ಹಲ್ಲು ಕಿರಿಯುತ್ತಿರುವವಳು ನಾನೇ. ನನ್ನನ್ನು ಒಂದು ಮಾತು ಕೇಳಿಲ್ಲ. ಫೋಟೋ ನೋಡಿ ಇಬ್ಬರು ಟೀಚರ್‌ಗಳು ಫೋನ್ ಮಾಡಿ, "ಅಕ್ಕಾ, ಚೆನ್ನಾಗಿದ್ಯಾ? ಸೇರಬಹುದಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ. ಬೇರೆ ಬೋರ್ಡ್ ನೇತುಹಾಕಿಕೊಂಡು ಬರುವುದು ಅವರಿಗೇನೂ ಕಷ್ಟವಲ್ಲ.

ನಾನು ತೀರ್ಥಹಳ್ಳಿ ರಸ್ತೆಯ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಕನ್ನಡ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಹೆಡ್‌ಮಾಸ್ಟರ್ ಕರೆದು, "ಮೇಡಂ, ನಿಮಗೆ ತಾಳ್ಮೆ ಜಾಸ್ತಿ. ಕಲಿಕೆಯಲ್ಲಿ ಹಿಂದಿರೋ ಮಕ್ಕಳು, ವಿಶೇಷ ಅಗತ್ಯ ಇರೋ ಮಕ್ಕಳು, ಎಲ್ಲರ ಕೋಆರ್ಡಿನೇಟರ್ ನೀವೇ" ಅಂದರು. ಸಂಬಳ ಹಳೇದು, ಫೈಲ್ ಮಾತ್ರ ಹೊಸದು. ಏನು ಮಾಡಬೇಕು ಅಂತ ನನಗೂ ಗೊತ್ತಿರಲಿಲ್ಲ, ಹೇಳಿದವರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಈ ಕೋರ್ಸು ಕಣ್ಣಿಗೆ ಬಿತ್ತು. ಫೀಸು 28,000. ಚೀಟಿ ಎತ್ತಿ ಕಟ್ಟಿದೆ. ಶಾಲೆಯವರು ಅರ್ಧ ಕೊಡೋ ವಿಚಾರ 'ನೋಡೋಣ' ಅಂದಿದ್ದರು. ಇವತ್ತಿಗೂ ನೋಡುತ್ತಲೇ ಇದ್ದಾರೆ.

ಕ್ಲಾಸು ನಡೆದದ್ದು ಒಂದು ಹೋಟೆಲಿನ ಪಾರ್ಟಿ ಹಾಲಿನಲ್ಲಿ. ಹಿಂದಿನ ರಾತ್ರಿ ಯಾರದೋ ಹುಟ್ಟುಹಬ್ಬ ಆಗಿತ್ತು ಅನ್ನಿಸುತ್ತೆ, ಗೋಡೆಗೆ ಬಲೂನ್ ಹಾಗೇ ಅಂಟಿಕೊಂಡಿದ್ದವು. ಮೊದಲ ಭಾನುವಾರ ಬೆಂಗಳೂರಿನಿಂದ ಕೋಟು ಹಾಕಿಕೊಂಡು ಒಬ್ಬರು ಬಂದು ಚೆನ್ನಾಗಿಯೇ ಮಾತಾಡಿದರು. ಎರಡನೇ ವಾರದಿಂದ ಅವರ ಬದಲು ಪ್ರೊಜೆಕ್ಟರ್ ಬಂತು. ಯಾರೋ ವಿದೇಶಿ ಮೇಡಂ ಇಂಗ್ಲಿಷಿನಲ್ಲಿ ಮಾತಾಡಿದ ವೀಡಿಯೊ ಹಾಕುತ್ತಿದ್ದರು. ಕರೆಂಟ್ ಹೋದರೆ ಟೀ ಬ್ರೇಕ್. ನಾವು ನಲವತ್ತು ಜನ ಇದ್ದೆವು. ಎಂಟು ವಾರದಲ್ಲಿ ಒಂದೇ ಒಂದು ಮಗುವನ್ನು ನಮ್ಮ ಮುಂದೆ ಕೂರಿಸಿ ತೋರಿಸಲಿಲ್ಲ. ಒಂದು ಶಾಲೆಗೂ ಕರೆದುಕೊಂಡು ಹೋಗಲಿಲ್ಲ.

ನಾಲ್ಕನೇ ವಾರ 'ಅಸೆಸ್‌ಮೆಂಟ್ ಕಿಟ್' ಕಡ್ಡಾಯ ಅಂತ ಇನ್ನೂ 4,500 ಕೀಳಿಸಿದರು. ಜಿಪ್ ಬ್ಯಾಗ್ ತೆಗೆದರೆ ಒಳಗೆ ಜೆರಾಕ್ಸ್ ಹಾಳೆಗಳು. ಇಪ್ಪತ್ತು ಪ್ರಶ್ನೆ. ಹದಿನಾಲ್ಕಕ್ಕೆ 'ಹೌದು' ಬಂದರೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕಾ ನ್ಯೂನತೆ, ಮುಗೀತು. ಒಂದು ಪ್ರಶ್ನೆ, 'ಇಂಗ್ಲಿಷಿನ ಬಿ ಅಕ್ಷರವನ್ನು ಡಿ ಅಂತ ಬರೆಯುತ್ತಾನೆಯೇ?' ಅಂತ. ನಾನು ಕೈ ಎತ್ತಿ, "ಕನ್ನಡ ಮೀಡಿಯಂ ಮಕ್ಕಳಲ್ಲಿ ಏನು ನೋಡ್ಬೇಕು ಸರ್? ಒತ್ತಕ್ಷರ ಬಿಡ್ತಾರೆ, ದೀರ್ಘ ಬಿಡ್ತಾರೆ, ಮಕಾರ ವಕಾರ ಅದಲು ಬದಲು ಮಾಡ್ತಾರೆ" ಅಂತ ಕೇಳಿದೆ. "ಕಾನ್ಸೆಪ್ಟ್ ಒಂದೇ ಮೇಡಂ" ಅಂದರು. ಅಲ್ಲೇ ಎದ್ದು ಬರಬೇಕಿತ್ತು. ಕೊಟ್ಟ ದುಡ್ಡು ಕಾಲು ಕಟ್ಟಿ ಹಾಕಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಚಿನ್ನದ ಬಣ್ಣದ ಸೀಲಿನ ಸರ್ಟಿಫಿಕೇಟನ್ನು ಆಫೀಸಿನಲ್ಲಿ ಫ್ರೇಮ್ ಹಾಕಿಸಿ ನೇತುಹಾಕಿದರು. ನನಗೂ ಒಂದು ಧೈರ್ಯ ಬಂದಿತ್ತು. ಅದೇ ಎಡವಟ್ಟಾಗಿದ್ದು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ. ಹತ್ತು ವರ್ಷ. ಮಾತು ಕಡಿಮೆ, ಉಕ್ತಲೇಖನದಲ್ಲಿ ಹತ್ತಕ್ಕೆ ಎರಡೋ ಮೂರೋ. 'ಬೆಟ್ಟ' ಅಂದರೆ 'ಬೆತ್ತ' ಬರೆಯುತ್ತಿದ್ದ, 'ಮಳೆ' ಅಂದರೆ 'ಬಳೆ'. ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದ. ಜುಲೈನಲ್ಲಿ ಪುಷ್ಯ ಮಳೆ ಹಿಡಿದ ಮೇಲಂತೂ ಪೂರ್ತಿ ಮಂಕಾದ. ನಾನು ಹಾಳೆ ತೆಗೆದು ಟಿಕ್ ಹಾಕುತ್ತಾ ಹೋದೆ. ಹದಿನೈದು ಬಂತು. ಅವನ ಅಮ್ಮನನ್ನು ಕರೆಸಿದೆ. ಆಕೆ ತೋಟದ ಕೆಲಸ ಬಿಟ್ಟು, ಎರಡು ಬಸ್ ಹತ್ತಿ ಬಂದಿದ್ದರು. "ಮಳೆಗಾಲ ಬಂತು ಅಂದ್ರೆ ಇವನಿಗೆ ಕಿವಿ ಸೋರ್ತದೆ ಮೇಡಂ, ಅದಕ್ಕೇನಾದ್ರೂ ಹೀಗಾ?" ಅಂತ ಕೇಳಿದರು. ನಾನು, "ಇಲ್ಲ ಇಲ್ಲ, ಇದು ಡಿಸ್ಲೆಕ್ಸಿಯಾ" ಅಂದೆ. ಈ ಮಾತು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಆಮೇಲೆ ಏಳು ತಿಂಗಳು ಅವನ ಆಟದ ಪೀರಿಯಡ್ ತಪ್ಪಿಸಿ, ಉಪ್ಪುಕಾಗದದ ಅಕ್ಷರದ ಮೇಲೆ ಬೆರಳು ಆಡಿಸಿದೆ. ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು ಓದಿಸಿದೆ. ಉಳಿದ ಹುಡುಗರು ಅವನನ್ನು 'ಡಿಸ್ಲೆಕ್ಸಿಯಾ' ಅಂತಲೇ ಕರೆಯೋಕೆ ಶುರು ಮಾಡಿದರು. ಆ ಪದ ಕ್ಲಾಸಿಗೆ ತಂದವಳು ನಾನೇ ಅಲ್ವಾ.

ಸಿಕ್ಕಿಬಿದ್ದದ್ದು ಫೆಬ್ರವರಿಯಲ್ಲಿ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಮಗನಿಗೆ ಹೆಚ್ಚು ಸಮಯ ಸಿಗುತ್ತಾ ಅಂತ ಅಮ್ಮ ಕೇಳಿದರು. ನನ್ನ ರಿಪೋರ್ಟ್ ಹಿಡಿದು ಬಿಆರ್‌ಸಿಗೆ, ಅಂದರೆ ನಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋದೆ. ಅಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ, ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಕಡೆಯಿಂದ ತಾಲ್ಲೂಕಿನ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಟೀಚರ್. ಆಕೆ ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಸಿಆರ್‌ಆರ್ ನಂಬರ್ ಎಲ್ಲಿದೆ ಮೇಡಂ?" ಅಂದರು. ಹಾಗಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ.

ಆಕೆ ಕೂರಿಸಿ ಹೇಳಿದರು. ನಮ್ಮ ದೇಶದಲ್ಲಿ ವಿಶೇಷ ಶಿಕ್ಷಕರ ಕೋರ್ಸಿಗೆ ಒಪ್ಪಿಗೆ ಕೊಡೋದು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ಅವರು ಒಪ್ಪಿದ ಕೋರ್ಸು ಮುಗಿಸಿದವರ ಹೆಸರು ಅವರ ರಿಜಿಸ್ಟರಿಗೆ ಸೇರುತ್ತದೆ. ಅದರ ನಂಬರೇ ಸಿಆರ್‌ಆರ್. ಅದಿಲ್ಲದೇ ಈ ಕೆಲಸ ಮಾಡಿದರೆ 1992ರ ಆರ್‌ಸಿಐ ಕಾಯ್ದೆ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಆಮೇಲೆ ಆಕೆ ಮೆಲ್ಲಗೆ ಕೇಳಿದರು: "ಮಗುವಿನ ಕಿವಿ, ಕಣ್ಣು ತೋರಿಸಿದ್ರಾ?"

ಕಲಿಕಾ ನ್ಯೂನತೆಯ ಸರ್ಟಿಫಿಕೇಟಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಟೀಚರ್ ಮಾಡುವುದು ಬರೀ ಸ್ಕ್ರೀನಿಂಗ್. ಆಮೇಲೆ ಮಕ್ಕಳ ಡಾಕ್ಟರು ಕಣ್ಣು, ಕಿವಿ ನೋಡಬೇಕು. ಆಮೇಲೆ ಮನಶ್ಶಾಸ್ತ್ರಜ್ಞರ ಪರೀಕ್ಷೆಗಳು. ಎಂಟು ವರ್ಷ ತುಂಬುವ ಮುಂಚೆ ಕೊಡುವ ಹಾಗಿಲ್ಲ. ಕೊಟ್ಟ ಮೇಲೂ 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ. ಇಷ್ಟೆಲ್ಲಾ ಇರೋದನ್ನ ನಾನು ಒಂದು ಜೆರಾಕ್ಸ್ ಹಾಳೆಯಲ್ಲಿ, ಊಟದ ಬಿಡುವಿನಲ್ಲಿ ಮುಗಿಸಿದ್ದೆ.

ಮಾರನೇ ವಾರ ಮೆಗ್ಗಾನ್ ಆಸ್ಪತ್ರೆಗೆ ಹುಡುಗ, ಅವನ ಅಮ್ಮನ ಜೊತೆ ನಾನೂ ಹೋದೆ. ಎಡಗಿವಿಯ ತಮಟೆಯಲ್ಲಿ ತೂತು. ಬಲಗಿವಿಯೂ ಸ್ವಲ್ಪ ಮಂದ. ಮನೆಗೆ ಬಂದು ಅವನ ನೋಟ್ಸ್ ತೆಗೆದು ನೋಡಿದೆ. ಬೋರ್ಡ್ ನೋಡಿ ಬರೆದ ಪುಟಗಳಲ್ಲಿ ಒಂದು ತಪ್ಪಿಲ್ಲ, ಒತ್ತಕ್ಷರ ಸಮೇತ ಮುತ್ತಿನ ಹಾಗೆ. ನಾನು ಬಾಯಲ್ಲಿ ಹೇಳಿ ಬರೆಸಿದ ಪುಟ ಮಾತ್ರ ಕೆಂಪು. ವರ್ಷವಿಡೀ ಎರಡೂ ಪುಟ ತಿದ್ದಿದ್ದು ನಾನೇ.

ಇನ್ನು ಆ 'ವಿದೇಶಿ ಮಾನ್ಯತೆ'ಯ ಕತೆ. ಸೆನ್ಕೊ ಅನ್ನೋದು ಇಂಗ್ಲೆಂಡಿನ ಶಾಲೆಗಳಲ್ಲಿ ಕಾನೂನಿನಲ್ಲೇ ಇರುವ ಹುದ್ದೆ. ಅಲ್ಲಿ ಆ ಹುದ್ದೆಗೆ ಬರುವವರು ಮೊದಲು ಅರ್ಹತೆ ಪಡೆದ ಟೀಚರ್ ಆಗಿರಬೇಕು. ಹೊಸದಾಗಿ ಬಂದವರು ಮೂರು ವರ್ಷದ ಒಳಗೆ ಅದಕ್ಕೆಂದೇ ಇರುವ ತರಬೇತಿ ಮುಗಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು ಎನ್‌ಪಿಕ್ಯೂ ಅನ್ನೋ ಹೊಸ ಕೋರ್ಸು, ಸುಮಾರು ಒಂದೂವರೆ ವರ್ಷದ್ದು, ಕೆಲಸ ಮಾಡುತ್ತಲೇ ಕಲಿಯುವಂಥದ್ದು. ಸೆನ್ಕೊ ಕುಳಿತು ಮಗುವಿಗೆ ಕಾಯಿಲೆಯ ಹೆಸರಿಡೋದಿಲ್ಲ. ಕ್ಲಾಸ್ ಟೀಚರ್, ಅಪ್ಪ ಅಮ್ಮ, ಡಾಕ್ಟರು, ಥೆರಪಿಸ್ಟ್ ಇವರನ್ನೆಲ್ಲ ಜೋಡಿಸಿ, ಏನು ಮಾಡಿದೆವು, ಏನಾಯಿತು ಅಂತ ದಾಖಲೆ ಇಡುವುದು ಅವರ ಮುಖ್ಯ ಕೆಲಸ. ಪಾರ್ಟಿ ಹಾಲಿನ ಎಂಟು ಭಾನುವಾರ ಎಲ್ಲಿ, ಅದೆಲ್ಲಿ!

ಹಾಗಾಗಿ ಸೇರುವ ಮುಂಚೆ 'ಆರ್‌ಸಿಐ ಒಪ್ಪಿಗೆ ಪತ್ರ ತೋರಿಸಿ' ಅಂತ ನೇರವಾಗಿ ಕೇಳಿ. 'ಅಪ್ಲೈ ಮಾಡಿದ್ದೇವೆ', 'ಐಎಸ್‌ಒ ಇದೆ' ಅಂದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಐಎಸ್‌ಒಗೂ ಇದಕ್ಕೂ ಸಂಬಂಧವೇ ಇಲ್ಲ. ವಿಶೇಷ ಶಿಕ್ಷಕಿ ಆಗಲೇಬೇಕು ಅಂದರೆ ಸ್ಪೆಷಲ್ ಡಿಎಡ್ ಅಥವಾ ಬಿಎಡ್ ಇದೆ, ಅಡ್ಡದಾರಿ ಇಲ್ಲ. ಬರೀ ಕೋಆರ್ಡಿನೇಟರ್ ಕೆಲಸಕ್ಕೆ ನಾಲ್ಕು ವಿಷಯ ತಿಳೀಬೇಕು ಅಂದರೆ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಪುಕ್ಕಟೆ ಪಾಠಗಳಿವೆ. ಎನ್‌ಸಿಇಆರ್‌ಟಿಯವರ 'ಪ್ರಶಸ್ತ್' ಆ್ಯಪ್ 2022ರಲ್ಲೇ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ನ್ಯೂನತೆಗಳಿಗೂ ಅದರಲ್ಲಿ ಗಮನಿಸುವ ಪಟ್ಟಿ ಇದೆ. ಒಂದು ಭಾಗ ಸಾಮಾನ್ಯ ಟೀಚರ್‌ಗೆ, ಎರಡನೆಯದು ವಿಶೇಷ ಶಿಕ್ಷಕರಂಥವರಿಗೆ. ನಾನು 4,500 ಕೊಟ್ಟ ಕಿಟ್‌ಗಿಂತ ಅದು ಎಷ್ಟೋ ವಾಸಿ. ಬಿಆರ್‌ಸಿಗೆ ಒಂದು ಸಲ ಹೋಗಿ ಬನ್ನಿ. ನಾನು ಕೊನೆಯಲ್ಲಿ ಹೋದೆ, ಮೊದಲು ಹೋಗಬೇಕಿತ್ತು.

ದುಡ್ಡು ವಾಪಸ್ ಕೇಳಿದೆ. ಫಾರ್ಮಿನ ಹಿಂದೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ 'ಹಿಂತಿರುಗಿಸುವುದಿಲ್ಲ' ಅಂತ ಇದೆಯಂತೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಫೋಟೋ ತೆಗೆಯಿರಿ ಅಂತಲೂ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಇಲ್ಲ.

ಹುಡುಗ ಈಗ ಆರನೇ ಕ್ಲಾಸು. ಬಲಗಿವಿ ಟೀಚರ್ ಕಡೆ ಬರುವ ಹಾಗೆ ಮೊದಲ ಬೆಂಚಿನ ಎಡತುದಿಯಲ್ಲಿ ಕೂರುತ್ತಾನೆ. ಕಿವಿ ಪೂರ್ತಿ ಒಣಗಿದ ಮೇಲೆ ಆಪರೇಷನ್ ಬಗ್ಗೆ ಹೇಳ್ತೀವಿ ಅಂದಿದ್ದಾರೆ. ಆಟದ ಪೀರಿಯಡ್ ವಾಪಸ್ ಸಿಕ್ಕಿದೆ. ನಮ್ಮ ಶಾಲೆಯ ಹಳೇ ಕಟ್ಟಡಕ್ಕೆ ಶೀಟಿನ ಮಾಡು. ಮಳೆ ಜೋರಾದರೆ ನಾನೀಗ ಉಕ್ತಲೇಖನ ನಿಲ್ಲಿಸಿ ಬೋರ್ಡಿನಲ್ಲಿ ಬರೆಯುತ್ತೇನೆ. ಫ್ರೇಮ್ ಹಾಕಿದ ಸರ್ಟಿಫಿಕೇಟ್ ಮಾತ್ರ ಆಫೀಸಿನಲ್ಲಿ ಇನ್ನೂ ನೇತಾಡುತ್ತಿದೆ. ತೆಗೆಯಿರಿ ಅಂದರೆ ಹೆಡ್‌ಮಾಸ್ಟರು, "ಇರ್ಲಿ ಬಿಡಿ ಮೇಡಂ, ಅಡ್ಮಿಷನ್ ಟೈಮು" ಅಂತಾರೆ.