ಮೂರು ಡಿಸ್ಕ್‌ಗಳ ಗೂಡು, ನಡುವಿನದಕ್ಕೆ ಜ್ವರ

ಈ ಕಂಪ್ಯೂಟರ್ ಕ್ಯಾಬಿನೆಟ್‌ನ ಗಾಜು, ಬಣ್ಣದ ದೀಪಗಳ ಬಗ್ಗೆ ಉಳಿದವರು ಸಾಕಷ್ಟು ಬರೆದಿದ್ದಾರೆ. ಮದುವೆ ವಿಡಿಯೊ ಸಂಕಲನ ಮಾಡುವ ನನಗೆ ಮುಖ್ಯವಾದದ್ದು ಒಳಗಿನ ಹಾರ್ಡ್ ಡಿಸ್ಕ್ ಗೂಡು. ಮಗುವಿನ ನಾಮಕರಣ ಮುಗಿದ ಮೇಲೆ ಬಂದು ಮದುವೆಯ ವಿಡಿಯೊ ಕೇಳುವ ಗಿರಾಕಿಗಳಿದ್ದಾರೆ, ಹಳೆಯದನ್ನು ಅಳಿಸುವಂತಿಲ್ಲ.

ಮೂರು ಡಿಸ್ಕ್ ಹಿಡಿಯುತ್ತದೆ ಎಂದು ಡಬ್ಬದ ಮೇಲಿದೆ. ಹಿಡಿಯುತ್ತದೆ, ನಿಜ; ಉಸಿರಾಡಲು ಬಿಡುವುದಿಲ್ಲ. ಡಿಸ್ಕ್ ಸುಮಾರು 26 ಮಿ.ಮೀ. ದಪ್ಪ. ಎರಡರ ನಡುವೆ ಕಿರುಬೆರಳೂ ತೂರದಷ್ಟು ಒತ್ತಾಗಿ ಅಂತಸ್ತುಗಳನ್ನು ಕೊಟ್ಟಿದ್ದಾರೆ. ಕಲಬುರಗಿಯ ಮೇ ತಿಂಗಳಲ್ಲಿ ದೊಡ್ಡ ಕಡತ ನಕಲು ಮಾಡುವಾಗ ಮೇಲಿನದು, ಕೆಳಗಿನದು 48 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನಡುವಿನದು 54 ತೋರಿಸುತ್ತಿತ್ತು. ಅದಕ್ಕೆ ಮೇಲಿನಿಂದಲೂ ಬಿಸಿ, ಕೆಳಗಿನಿಂದಲೂ ಬಿಸಿ. ಮುಂದೆ ಫ್ಯಾನ್ ಇದ್ದರೂ ಎದುರಿಗೆ ಗಾಜು. ಪಕ್ಕದ ಸೀಳಿನಿಂದ ಎಳೆದಷ್ಟು ಗಾಳಿಯೂ ಇಕ್ಕಟ್ಟಾದ ಗೂಡಿನೊಳಗೆ ನುಗ್ಗದೆ ಸುತ್ತಿಕೊಂಡು ಹೋಗುತ್ತದೆ.

ಡಿಸ್ಕ್ ತಯಾರಕರು ಹೇಳುವ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಶಾಖಕ್ಕೂ ಡಿಸ್ಕ್ ಕೆಡುವುದಕ್ಕೂ ಜನ ಅಂದುಕೊಂಡಷ್ಟು ನಂಟಿಲ್ಲ ಎಂದು 2007ರಲ್ಲಿ ಗೂಗಲ್ ತನ್ನದೇ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ನೋಡಿ ಹೇಳಿದ್ದೂ ಗೊತ್ತು. ಆದರೆ ವಯಸ್ಸಾದ ಡಿಸ್ಕ್ ತೀರಾ ಬಿಸಿಯಾದರೆ ಅಪಾಯ ಹೆಚ್ಚೆಂದೂ ಅದೇ ಅಧ್ಯಯನದಲ್ಲಿದೆ. ನನ್ನವೆಲ್ಲ ವಯಸ್ಸಾದವೇ.

ಕೊನೆಗೆ ನಡುವಿನ ಅಂತಸ್ತನ್ನು ಖಾಲಿ ಬಿಟ್ಟು, ಆ ಡಿಸ್ಕನ್ನು ಕ್ಯಾಬಿನೆಟ್‌ನ ತಳದಲ್ಲಿರುವ ತೂತುಗಳಿಗೆ ರಬ್ಬರ್ ವಾಷರ್ ಹಾಕಿ ಬಿಗಿದೆ. ಅದೇ ಫ್ಯಾನ್, ಅದೇ ಬೇಸಿಗೆ. ಈಗ ಯಾವುದೂ 46 ದಾಟುವುದಿಲ್ಲ. ರಾತ್ರಿ ಮೇಜಿಗೆ ಮೊಣಕೈ ಊರಿದರೆ ತಿಳಿಯುತ್ತಿದ್ದ ಗುಂಯ್‌ ಎನ್ನುವ ನಡುಕವೂ ನಿಂತಿದೆ.

ಇಷ್ಟು ಬೈದರೂ ಇದನ್ನು ಮಾರಲು ಮನಸ್ಸು ಬಾರದಿರುವುದು ಅಡಿಯ ಧೂಳುಜಾಲರಿಯಿಂದ. ನಮ್ಮ ಬೀದಿಯ ಕೊನೆಯಲ್ಲಿ ದಾಲ್‌ಮಿಲ್ ಇದೆ. ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಆರಿಸಿ ಜಾಲರಿಯ ಅಂಚು ಹಿಡಿದರೆ ಆಯಸ್ಕಾಂತ ಟಕ್ ಎಂದು ಬಿಡುತ್ತದೆ, ಸ್ಕ್ರೂ ಬಿಚ್ಚುವ ರಗಳೆಯಿಲ್ಲ. ಬೂದು ಪದರದ ನಡುವೆ ತೊಗರಿ ಹೊಟ್ಟಿನ ಸಣ್ಣ ಚೂರುಗಳು ಅಂಟಿರುತ್ತವೆ. ನಲ್ಲಿಯಡಿ ಹಿಡಿದು, ನೆರಳಿನಲ್ಲಿ ಒರಗಿಸಿಟ್ಟು ಚಹಾ ಮುಗಿಸಿ, ಪೇಪರ್ ಓದುವ ಹೊತ್ತಿಗೆ ಒಣಗಿರುತ್ತದೆ. ಇದಕ್ಕಿಂತ ದುಬಾರಿ ಪೆಟ್ಟಿಗೆಗಳಲ್ಲೂ ಈ ಸುಖ ಕಂಡಿಲ್ಲ.

ಒಂದೆರಡು ಡಿಸ್ಕ್ ಇರುವವರು ಧಾರಾಳವಾಗಿ ಕೊಳ್ಳಬಹುದು. ಮೂರನ್ನೂ ಗೂಡಿನಲ್ಲೇ ಇಡುವವರು ಮುಂದೆ ಗಾಜಿನ ಬದಲು ಜಾಲರಿ ಇರುವುದನ್ನೇ ನೋಡಿ. ಅಂಗಡಿಯಲ್ಲಿ ಕೇಳಿದರೆ ಎರಡು ಸಾವಿರ ಹೆಚ್ಚು ಹೇಳಿದರು, ಮದುವೆ ಹಂಗಾಮು ಮುಗಿಯುವ ತನಕ ನನ್ನ ಕೈಯಲ್ಲಾಗದು. ಐದಕ್ಕೆ ಮೂರು ನಕ್ಷತ್ರ, ಅದರಲ್ಲೊಂದು ಪೂರ್ತಿ ಆ ಧೂಳುಜಾಲರಿಗೆ.