ಕೋಡ್ ರೀಡರ್, ಮಲ್ಟಿಮೀಟರ್, ಬೈಕಿನ ಬಲ್ಬ್: ಮೂರನೇ ಇಂಜೆಕ್ಟರ್ ತೊಂದರೆ ಹಿಡಿದುಕೊಟ್ಟಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಬೈಕಿನ ಇಂಡಿಕೇಟರ್ ಬಲ್ಬ್. 15 ರೂಪಾಯಿಯದ್ದು. ಅದು ಕೈಗೆ ಬರುವ ಮುಂಚೆ 700 ರೂಪಾಯಿ ಕೊಟ್ಟು ಕೋಡ್ ರೀಡರ್ ತರಿಸಿದ್ದೆ, ಗ್ಯಾರೇಜಿನಲ್ಲಿ 500 ಕೊಟ್ಟು ಸ್ಕ್ಯಾನ್ ಮಾಡಿಸಿದ್ದೆ, ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ 3,200 ಕೊಟ್ಟು ಹೊಸದು ಹಾಕಿಸಿದ್ದೆ. ಕಾರಿನ ಕಾಯಿಲೆ ಮಾತ್ರ ಹಾಗೇ ಇತ್ತು.

ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಒಂದೊಂದು ಇಂಜೆಕ್ಟರ್. ಕಳೆದ ಮಳೆಗಾಲದಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆ. ಆನಗೋಡು ದಾಟುತ್ತಿದ್ದ ಹಾಗೆ ಮಿಸ್ಸಿಂಗ್ ಶುರುವಾಯಿತು. ಪಿಕಪ್ ಇಲ್ಲ, ಸ್ಟೇರಿಂಗ್ ನಡುಗುತ್ತಿದೆ, ಚೆಕ್ ಇಂಜಿನ್ ದೀಪ ಹತ್ತಿಕೊಂಡಿದೆ. ಭರಮಸಾಗರ ಬರುವಷ್ಟರಲ್ಲಿ ತಾನಾಗೇ ಸರಿಹೋಯಿತು. ಊರಿಗೆ ವಾಪಸ್ ಬಂದು ಹದಡಿ ರಸ್ತೆಯಲ್ಲಿ ಎರಡು ಗುಂಡಿ ಹಾರಿಸಿದ್ದೇ ತಡ, ಮತ್ತೆ ಅದೇ ಕುಂಟಾಟ. ಪೂರ್ತಿ ಕೆಟ್ಟುಹೋದರೆ ಹುಡುಕೋದು ಸುಲಭ. ಬಂದು ಹೋಗುವ ರೋಗವೇ ತಲೆನೋವು.

ಕೋಡ್ ರೀಡರ್ ಅಂದರೆ ಇಎಲ್‌ಎಂ 327 ಅಂತ ಬರೆದಿರುವ ಬ್ಲೂಟೂತ್ ಡಬ್ಬಿ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಇಂಜಿನ್ ದೋಷದ ಕೋಡನ್ನು ಮೊಬೈಲಿನಲ್ಲಿ ನೋಡೋದು. ಕಾರು 2014ರ ಮಾಡೆಲ್, ಕಾರು ತನ್ನ ದೋಷ ತಾನೇ ಹೇಳುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದ ಮರುವರ್ಷದ್ದು, ಹಾಗಾಗಿ ಅದೇನೋ ತಕರಾರಿಲ್ಲದೆ ಮಾತಾಡಿತು. ಪಿ0203 ಅಂದಿತು. ಕೊನೆಯ ಅಂಕಿ ಸಿಲಿಂಡರ್ ನಂಬರ್: ಪಿ0201 ಬಂದರೆ ಒಂದನೆಯದು, ಪಿ0204 ಬಂದರೆ ನಾಲ್ಕನೆಯದು. ಎರಡೇ ನಿಮಿಷಕ್ಕೆ ನಾಲ್ಕರಲ್ಲಿ ಒಂದನ್ನು ಬೆರಳು ಮಾಡಿ ತೋರಿಸಿತು. ಆ ಮಟ್ಟಿಗೆ 700 ರೂಪಾಯಿ ದಂಡ ಅಲ್ಲ.

ಆದರೆ ಅದು ಹೇಳಿದ್ದು 'ಇಂಜೆಕ್ಟರ್ ಸರ್ಕ್ಯೂಟ್' ಅಂತ. ನಾನು ಓದಿಕೊಂಡಿದ್ದು 'ಇಂಜೆಕ್ಟರ್' ಅಂತ ಮಾತ್ರ. ಸರ್ಕ್ಯೂಟ್ ಅಂದರೆ ಕರೆಂಟ್ ತರುವ ವೈರು, ಇಂಜೆಕ್ಟರಿಗೆ ಸಿಕ್ಕಿಸುವ ಪ್ಲಗ್ಗಿನ ಪಿನ್ನು, ಇಂಜೆಕ್ಟರ್ ಒಳಗಿನ ಕಾಯಿಲ್, ಅಲ್ಲಿಂದ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಹೋಗುವ ವೈರು, ಕೊನೆಗೆ ಇಸಿಯು ಒಳಗಿನ ಸ್ವಿಚ್ಚು, ಎಲ್ಲವೂ ಸೇರುತ್ತದೆ. ಗ್ಯಾರೇಜಿನ ದೊಡ್ಡ ಸ್ಕ್ಯಾನರೂ ಅದೇ ಕೋಡ್ ತೋರಿಸಿತು. "ಇಂಜೆಕ್ಟರ್ ಹೋಗಿದೆ ಸರ್, ಚೇಂಜ್ ಮಾಡ್ಬೇಕು" ಅಂದರು. ಮಾಡಿಸಿದೆ. ನಾಲ್ಕು ದಿನ ಚೆನ್ನಾಗಿ ಓಡಿತು. ಐದನೇ ದಿನ ಮತ್ತೆ ಪಿ0203. ಇಂಜೆಕ್ಟರ್ ಬದಲಿಸುವಾಗ ವೈರು ಅಲುಗಾಡಿದೆ, ಅಷ್ಟಕ್ಕೇ ನಾಲ್ಕು ದಿನ ಸರಿಯಿತ್ತು. ಇದು ಆಮೇಲೆ ಗೊತ್ತಾಗಿದ್ದು.

ಇನ್ನು ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್, 350 ರೂಪಾಯಿ. ಇದನ್ನು ಇಂಜೆಕ್ಟರ್ ಕೊಳ್ಳುವ ಮುಂಚೆ ತಂದಿದ್ದರೆ ಆ 3,200 ಉಳಿಯುತ್ತಿತ್ತು. ನನ್ನಂಥ ಮಾಮೂಲಿ ಪೆಟ್ರೋಲ್ ಕಾರಿನ ಇಂಜೆಕ್ಟರ್ ಕಾಯಿಲ್ 12ರಿಂದ 16 ಓಮ್ ತೋರಿಸಬೇಕು. ಪ್ಲಗ್ ಬಿಚ್ಚಿ ನಾಲ್ಕಕ್ಕೂ ಹಿಡಿದೆ: 14.2, 14.0, 14.3, 14.1. ಅಟ್ಟದ ಮೇಲೆ ಹಾಕಿದ್ದ ಹಳೇದನ್ನು ತಂದು ಹಿಡಿದರೆ ಅದೂ 14.1! ಸುಮ್ನೆ ಕೂತುಬಿಟ್ಟೆ.

ಕಾಯಿಲ್ ಸರಿ ಇದ್ದರೆ ವೈರು ಕೆಟ್ಟಿರಬೇಕು, ಅಲ್ವಾ? ಇಲ್ಲಿಂದ ಮುಂದೆ ಮೀಟರ್ ನನ್ನ ಎರಡು ಭಾನುವಾರ ತಿಂದಿತು. ಈ ಇಂಜೆಕ್ಟರುಗಳಿಗೆ ಒಂದು ಪಿನ್ನಿನಲ್ಲಿ ಕೀ ಆನ್ ಇದ್ದಷ್ಟು ಹೊತ್ತೂ 12 ವೋಲ್ಟ್ ಬರುತ್ತಿರುತ್ತದೆ. ಇನ್ನೊಂದು ಪಿನ್ನನ್ನು ಇಸಿಯು ಬೇಕಾದಾಗ ಅರ್ತ್ ಮಾಡಿ ಇಂಜೆಕ್ಟರ್ ತೆರೆಸುತ್ತದೆ. ಕೀ ಆನ್ ಮಾಡಿ ಮೂರನೇ ಪ್ಲಗ್ಗಿಗೆ ಮೀಟರ್ ಹಿಡಿದೆ. 12.4. ಎರಡನೇ ಪ್ಲಗ್ಗಿಗೆ ಹಿಡಿದೆ. 12.4. ಬ್ಯಾಟರಿ ತಂತಿ ಬಿಚ್ಚಿ, ಮೂರನೇ ಪ್ಲಗ್ಗಿನಿಂದ ಇಸಿಯುವರೆಗಿನ ವೈರಿಗೆ ಬೀಪ್ ಟೆಸ್ಟ್ (ವೈರು ತುಂಡಾಗಿಲ್ಲದಿದ್ದರೆ ಮೀಟರ್ ಕೂಗುತ್ತದೆ) ಮಾಡಿದೆ. ಕುಂಯ್ ಅಂತ ಖುಷಿಯಾಗಿ ಕೂಗಿತು. ಫ್ಯೂಸಿನಿಂದ ಪ್ಲಗ್ಗಿಗೂ ಕುಂಯ್.

ಮೀಟರ್ ಪ್ರಕಾರ ಎಲ್ಲವೂ ಸರಿ. ಕಾರಿನ ಪ್ರಕಾರ ಸರಿ ಇಲ್ಲ. ಹಾಗಾದರೆ ಇಸಿಯುನೇ ಹೋಗಿದೆ ಅಂದುಕೊಂಡು ಅದರ ರೇಟ್ ಕೇಳುವ ತನಕ ಹೋಗಿದ್ದೆ. ಕೇಳಿದ ಮೇಲೆ ಒಂದು ವಾರ ಕಾರು ಮನೆಯಲ್ಲೇ ಇತ್ತು, ನಾನು ಸಿಟಿ ಬಸ್ಸಿನಲ್ಲಿ ಓಡಾಡಿದೆ.

ಪಿ.ಬಿ. ರಸ್ತೆಯಲ್ಲಿ ಲಾರಿಗಳ ವೈರಿಂಗ್ ಮಾಡುವ ಒಬ್ಬ ಅಣ್ಣ ಇದ್ದಾರೆ. ನನ್ನ ಕಥೆ ಪೂರ್ತಿ ಕೇಳಲೂ ಇಲ್ಲ. "ಮೀಟರ್‌ಗೆ ಹೊಟ್ಟೆ ಇಲ್ಲ ಕಣ್ರೀ, ಏನೂ ತಿನ್ನಂಗಿಲ್ಲ. ಬಲ್ಬ್ ಹಚ್ಚಿ ನೋಡ್ರಿ" ಅಂದರು. ಬೈಕಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿದ್ದು ಅವರ ಡಬ್ಬಿಯಲ್ಲೇ ಇತ್ತು. ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎರಡನೇ ಪ್ಲಗ್ಗಿನ 12 ವೋಲ್ಟ್ ಪಿನ್ನಿಗೆ. ಝಗ್ ಅಂತ ಹತ್ತಿತು. ಮೂರನೇ ಪ್ಲಗ್ಗಿಗೆ ಹಚ್ಚಿದರೆ ಊದುಬತ್ತಿ ಕೆಂಡದ ಹಾಗೆ ಕೆಂಪಗೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರ್ ಹಿಡಿದೆ. 12.4 ತೋರಿಸುತ್ತಿದ್ದ ಜಾಗದಲ್ಲಿ ಈಗ 7 ಚಿಲ್ಲರೆ. ವೈರು ಅಲುಗಾಡಿಸಿದರೆ ಅದೂ ಇಳಿಯುತ್ತಿತ್ತು.

ಲೆಕ್ಕ ಹಾಕಿದರೆ ಅಚ್ಚುಕಟ್ಟಾಗಿದೆ. 12 ವೋಲ್ಟಿನ 10 ವ್ಯಾಟ್ ಬಲ್ಬ್ ಸುಮಾರು 0.83 ಆಂಪಿಯರ್ ಎಳೆಯುತ್ತದೆ. 14 ಓಮಿನ ಇಂಜೆಕ್ಟರ್ ಎಳೆಯುವುದೂ ಹತ್ತಿರ ಹತ್ತಿರ ಅಷ್ಟೇ, 0.86. ಮಲ್ಟಿಮೀಟರ್ ಎಳೆಯುವುದು ಲೆಕ್ಕಕ್ಕೇ ಇಲ್ಲ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಅದು ಸಾಕು, ಇಂಜೆಕ್ಟರಿಗೆ ಸಾಲದು. ಮುಚ್ಚಿದ ನಲ್ಲಿಯಲ್ಲೂ ಒತ್ತಡ ಇರುತ್ತದೆ. ತಿರುಗಿಸಿ ಬಿಂದಿಗೆ ಇಟ್ಟಾಗಲೇ ಅಲ್ವಾ ನೀರು ಎಷ್ಟು ಬರುತ್ತದೆ ಅಂತ ಗೊತ್ತಾಗೋದು?

ಟೇಪ್ ಬಿಚ್ಚಿ ನೋಡಿದರೆ ವೈರಿನ ಮೇಲ್ಪದರ ಹೊಸದರಂತೆ ಇತ್ತು. ಅಣ್ಣ ಉಗುರಿನಲ್ಲಿ ತಡವುತ್ತಾ ಬಂದು ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿದರು. ಸೂಜಿ ಚುಚ್ಚಿದಂಥ ತೂತು. ಅಲ್ಲಿ ಸಿಗಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು. ನಾನು ಕೊಳ್ಳುವ ಮುಂಚೆ ಯಾರೋ ಟೆಸ್ಟ್ ಮಾಡಲು ವೈರಿಗೇ ಸೂಜಿ ಚುಚ್ಚಿದ್ದಾರೆ. ನಾನು ತಿಂಗಳಿಗೊಮ್ಮೆ ವಾಟರ್ ಸರ್ವಿಸ್ ಮಾಡಿಸಿ ಅದಕ್ಕೆ ನೀರು ಕುಡಿಸಿದ್ದೇನೆ. ಕೆಟ್ಟಿದ್ದಷ್ಟನ್ನು ಕತ್ತರಿಸಿ, ಅದೇ ದಪ್ಪದ ವೈರು ಬೆಸುಗೆ ಹಾಕಿ, ಮೇಲೆ ಸ್ಲೀವ್ ಕಾಯಿಸಿ ಕೂರಿಸಿದರು. 150 ರೂಪಾಯಿ.

ಬಲ್ಬಿನದೂ ಒಂದು ಎಚ್ಚರಿಕೆ ಇದೆ. ಅದನ್ನು 12 ವೋಲ್ಟ್ ಬರುವ ಪಿನ್ನಿಗೆ ಮಾತ್ರ ಹಚ್ಚಬೇಕು, ಇಸಿಯು ಕಡೆಯ ಪಿನ್ನಿಗೆ ಬೇಡ. ತಣ್ಣಗಿರುವ ಬಲ್ಬ್ ಹತ್ತುವ ಕ್ಷಣದಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ, ಇಸಿಯು ಒಳಗಿನ ಸ್ವಿಚ್ಚಿಗೆ ಅದು ಒಳ್ಳೆಯದಲ್ಲ. ಆ ಕಡೆ ನೋಡಲು ಪ್ಲಗ್ಗಿಗೆ ಸಿಕ್ಕಿಸುವ ಎಲ್‌ಇಡಿಯ ನಾಯ್ಡ್ ಲೈಟ್ ಸಿಗುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿದಾಗ ಪಿಳಿಪಿಳಿ ಮಿನುಗಿದರೆ ಇಸಿಯು ಕೆಲಸ ಮಾಡುತ್ತಿದೆ ಅಂತ. ಪಿನ್ನಿನೊಳಗೆ ಮೀಟರಿನ ದಪ್ಪ ಮೊನೆ ತುರುಕಬೇಡಿ, ಪಿನ್ನು ಅಗಲವಾಗಿ ಇನ್ನೊಂದು ಲೂಸ್ ಕನೆಕ್ಷನ್ ಹುಟ್ಟುತ್ತದೆ. ಪ್ಲಗ್ಗಿನ ಹಿಂದಿನಿಂದ ಗುಂಡುಸೂಜಿ ಜಾರಿಸಿ. ಡೀಸೆಲ್ ಕಾಮನ್ ರೈಲ್ ಗಾಡಿಯಾದರೆ ಇದ್ಯಾವುದನ್ನೂ ಮಾಡಬೇಡಿ, ಅಲ್ಲಿ ಇಂಜೆಕ್ಟರ್ ವೈರಿನಲ್ಲಿ ಬ್ಯಾಟರಿಗಿಂತ ಬಹಳ ಜಾಸ್ತಿ ವೋಲ್ಟ್ ಇರುತ್ತದೆ.

ಎರಡನೇ ಮತ್ತು ಮೂರನೇ ಇಂಜೆಕ್ಟರ್ ಅದಲುಬದಲು ಮಾಡಿ ಕೋಡ್ ಪಿ0202 ಆಗುತ್ತಾ, ಅಂದರೆ ದೋಷ ಇಂಜೆಕ್ಟರ್ ಜೊತೆಗೇ ಹೋಗುತ್ತಾ ಅಂತ ನೋಡುವ ದಾರಿಯೂ ಇದೆ. ಆದರೆ ಪೆಟ್ರೋಲ್ ಪೈಪ್ ಬಿಚ್ಚಬೇಕು, ರಬ್ಬರ್ ರಿಂಗ್ ಬದಲಿಸಬೇಕು. ನನಗೆ ಬೇಡ.

ಬಾನೆಟ್ ತೆಗೆಯೋದೇ ಬೇಡ ಅನ್ನುವವರಿಗೆ ಕೋಡ್ ರೀಡರ್ ಒಂದೇ ಸಾಕು. ಗ್ಯಾರೇಜಿಗೆ ಹೋಗುವ ಮುಂಚೆ ಯಾವ ಕೋಡ್ ಅಂತಾದರೂ ಗೊತ್ತಿರುತ್ತದೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೈ ಮಸಿ ಮಾಡಿಕೊಳ್ಳೋದು ನನಗೆ ಇಷ್ಟ, ಖರ್ಚು 500 ದಾಟಿದರೆ ಮನೆಯಲ್ಲಿ ಲೆಕ್ಕ ಕೊಡಬೇಕು. ಹಾಗಾಗಿ ನನ್ನ ಜೋಡಿ ಮೀಟರ್ ಮತ್ತು ಬಲ್ಬ್. ಕೋಡ್ ರೀಡರನ್ನು ತಮ್ಮ ತೆಗೆದುಕೊಂಡು ಹೋದ, ವಾಪಸ್ ಕೇಳಿಲ್ಲ. ಹಳೇ ಇಂಜೆಕ್ಟರ್ ಮತ್ತೆ ಅಟ್ಟ ಸೇರಿದೆ, ಈಗಲೂ 14.1 ಓಮ್ ತೋರಿಸುತ್ತದೆ.